‘ಮಾಡತಾರ’ ಬೇರೆ, ‘ಮಾಡಾಕತ್ತಾರ’ ಬೇರೆ

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನ ಹಳ್ಳಿಯವಳು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮುಗಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಒಂದು ಸಂದರ್ಶನಕ್ಕೆ ಹೋದಾಗ ‘ಐ ಆಮ್ ಕಮಿಂಗ್ ಫ್ರಮ್ ನವಲಗುಂದ್, ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್’ ಎಂದೆ. ಹಾಗಲ್ಲ, ಸಿಂಪಲ್ ಪ್ರೆಸೆಂಟ್‌ನಲ್ಲಿ ಹೇಳಬೇಕು ಎಂದು ತಿದ್ದಿದರು. ಸಿಂಪಲ್ ಪ್ರೆಸೆಂಟ್ ಅಂದರೆ ವರ್ತಮಾನ ಕಾಲ, ಈಗ ನಡೆಯುವುದು ಎಂದೇ ನಾನು ಓದಿದ್ದು. ನಮ್ಮಪ್ಪ ಈಗಲೂ ಒಕ್ಕಲುತನ ಮಾಡುತ್ತಾರಲ್ಲ, ಮತ್ತೆ ‘ಡೂಯಿಂಗ್’ ಯಾಕೆ ತಪ್ಪು? ಕ್ರಿಯಾಪದಕ್ಕೆ ‘ಎಸ್’ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವುದೂ ಇನ್ನೂ ಹಿಡಿತಕ್ಕೆ ಬಂದಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಅಪ್ಪನ ವಿಷಯದಿಂದಲೇ ಶುರು ಮಾಡೋಣ. ಮನೆಗೆ ಬಂದ ಬೀಗರು ‘ನಿಮ್ಮ ಅಪ್ಪಾರು ಏನ ಮಾಡತಾರವಾ?’ ಎಂದು ಕೇಳಿದರೆ ‘ಒಕ್ಕಲತನಾ ಮಾಡತಾರ’ ಅನ್ನುತ್ತೀರಿ. ಆಗ ಅವರು ಹಾಸಿಗೆಯಲ್ಲಿ ನಿದ್ದೆ ಹೋಗಿದ್ದರೂ ಉತ್ತರ ಅದೇ. ಅದೇ ಬೀಗರು ಪಡಸಾಲೆಯಲ್ಲಿ ಕೂತು ‘ಅಪ್ಪಾರು ಏನ ಮಾಡಾಕತ್ತಾರ?’ ಅಂದರೆ ‘ಉಣ್ಣಾಕತ್ತಾರ’ ಅಂತಲೋ ‘ಎತ್ತಿಗೆ ಮೇವು ಹಾಕಾಕತ್ತಾರ’ ಅಂತಲೋ ಹೇಳುತ್ತೀರಿ. ಈ ಎರಡು ಪ್ರಶ್ನೆಗಳನ್ನು ನೀವು ಹುಟ್ಟಿದಾಗಿನಿಂದ ಒಮ್ಮೆಯೂ ಅದಲುಬದಲು ಮಾಡಿರಲಿಕ್ಕಿಲ್ಲ. ನಾಲ್ಕು ವರ್ಷದ ಮಗುವೂ ಮಾಡುವುದಿಲ್ಲ.

ಇಂಗ್ಲಿಷಿನವರು ಎಳೆದಿರುವ ಗೆರೆಯೂ ಇದೇ. ‘ವಾಟ್ ಡಸ್ ಯುವರ್ ಫಾದರ್ ಡು?’ ಅಂದರೆ ಏನ ಮಾಡತಾರ. ‘ವಾಟ್ ಈಸ್ ಯುವರ್ ಫಾದರ್ ಡೂಯಿಂಗ್?’ ಅಂದರೆ ಏನ ಮಾಡಾಕತ್ತಾರ. ಮೊದಲನೆಯದು ಸಿಂಪಲ್ ಪ್ರೆಸೆಂಟ್, ಎರಡನೆಯದು ಕಂಟಿನ್ಯುಯಸ್. ಮೊದಲನೆಯದರ ಉತ್ತರ ‘ಮೈ ಫಾದರ್ ಈಸ್ ಎ ಫಾರ್ಮರ್’ ಅಥವಾ ‘ಹಿ ಗ್ರೋಸ್ ಕಾಟನ್ ಅಂಡ್ ಗ್ರಾಮ್’. ನೀವು ಸಂದರ್ಶನದಲ್ಲಿ ಆಡಿದ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿದರೆ ‘ನಾ ನವಲಗುಂದದಿಂದ ಬರಾಕತ್ತೇನಿ, ನಮ್ಮಪ್ಪ ಒಕ್ಕಲತನಾ ಮಾಡಾಕತ್ತಾನ’ ಎಂದಾಗುತ್ತದೆ. ಮೊದಲ ಭಾಗ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹೇಳುವ ಮಾತು. ಎರಡನೆಯದನ್ನು ಕೇಳಿದವರು, ಅಪ್ಪ ಮೊದಲು ಬೇರೇನೋ ಮಾಡುತ್ತಿದ್ದ, ಈಗೀಗ ಹೊಲಕ್ಕೆ ಇಳಿದಿದ್ದಾನೆ ಎಂದುಕೊಂಡಾರು. ಸಂದರ್ಶನ ಮಾಡಿದವರಿಗೆ ಆದದ್ದೂ ಅದೇ ಗೊಂದಲ.

ಸಿಂಪಲ್ ಪ್ರೆಸೆಂಟ್ ‘ಈಗಿನ’ದಲ್ಲ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ವರ್ತಮಾನ ಅನ್ನುವ ಹೆಸರು ನೋಡಿ ಅದು ಈ ಕ್ಷಣದ ಕಾಲ ಎಂದು ಸಾವಿರಾರು ಮಕ್ಕಳು ತಿಳಿದಿದ್ದಾರೆ. ಅದು ರೂಢಿಯ ಕಾಲ, ಕಸುಬಿನ ಕಾಲ, ಯಾವಾಗಲೂ ನಿಜವಾಗಿರುವ ಸಂಗತಿಯ ಕಾಲ. ಬೆಣ್ಣಿಹಳ್ಳವನ್ನೇ ನೋಡಿ. ಅದು ಹೋಗಿ ಸೇರುವುದು ಮಲಪ್ರಭಾ ನದಿಯನ್ನು. ‘ದ ಬೆಣ್ಣಿಹಳ್ಳ ಫ್ಲೋಸ್ ಇಂಟು ದ ಮಲಪ್ರಭಾ’ ಎಂದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಹಳ್ಳದಲ್ಲಿ ನೀರೇ ಇಲ್ಲದಾಗ ಬರೆದರೂ ವಾಕ್ಯ ಸರಿ. ಮುಂಗಾರಿನಲ್ಲಿ ದಂಡೆ ಮೀರಿ ಹೊಲಕ್ಕೆ ನುಗ್ಗಿದ ದಿನ ಮಾತ್ರ ‘ದ ಬೆಣ್ಣಿಹಳ್ಳ ಈಸ್ ಫ್ಲೋಯಿಂಗ್ ಓವರ್ ದ ರೋಡ್’. ಒಂದು ವಾಕ್ಯ ಭೂಗೋಳ ಹೇಳುತ್ತದೆ, ಇನ್ನೊಂದು ಸುದ್ದಿ ಹೇಳುತ್ತದೆ. ನಾವಾದರೂ ‘ಬೆಣ್ಣಿಹಳ್ಳ ಮಲಪ್ರಭಾಕ್ಕ ಕೂಡತೈತಿ’, ‘ಹಳ್ಳ ರಸ್ತಾದ ಮ್ಯಾಲ ಹರಿಯಾಕತ್ತೈತಿ’ ಎಂದು ಬೇರೆ ಬೇರೆಯಾಗಿಯೇ ಹೇಳುತ್ತೇವೆ.

ನಿಮ್ಮ ನವಲಗುಂದದ ಜಮಖಾನೆ ಭೌಗೋಳಿಕ ಗುರುತು ಪಡೆದ ಕೈಮಗ್ಗದ ಕೆಲಸ. ನೇಯುವವರು ಹೆಣ್ಣುಮಕ್ಕಳು. ಹೊರಗಿನವರೊಬ್ಬರು ಬಂದು ಒಬ್ಬ ನೇಕಾರ್ತಿಯನ್ನು ತೋರಿಸಿ ಕೇಳಿದರೆ ‘ಷಿ ವೀವ್ಸ್ ಜಮಖಾನಾಸ್’ ಎಂದರೆ ಅದು ಆಕೆಯ ಕಸುಬು, ಬದುಕು. ‘ಷಿ ಈಸ್ ವೀವಿಂಗ್ ಎ ಪೀಕಾಕ್’ ಎಂದರೆ ಈ ಹೊತ್ತು ಮಗ್ಗದ ಮೇಲೆ ಮೂಡುತ್ತಿರುವ ನವಿಲು. ಊಟಕ್ಕೆ ಎದ್ದು ಹೋದಾಗ ಎರಡನೆಯ ವಾಕ್ಯ ಸುಳ್ಳಾಗುತ್ತದೆ, ಮೊದಲನೆಯದು ಸುಳ್ಳಾಗುವುದಿಲ್ಲ. ಅನುಮಾನ ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ ನೋಡಿ: ಮಾಡುವವರು ಕೈಬಿಟ್ಟು ಎದ್ದು ಹೋದ ಮೇಲೂ ಮಾತು ನಿಜವಾಗಿ ಉಳಿದರೆ ಸಿಂಪಲ್ ಪ್ರೆಸೆಂಟ್.

ಒಕ್ಕಲುತನದ ಮಾತಿನ ಬಹುಪಾಲು ಈ ಕಾಲದಲ್ಲೇ ಹೊಂದುತ್ತದೆ, ಯಾಕೆಂದರೆ ವರ್ಷ ವರ್ಷ ತಿರುಗಿ ಬರುವ ಕೆಲಸವದು. ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು ಬಿತ್ತುತ್ತೇವೆ, ಹಿಂಗಾರಿಗೆ ಕಡಲೆ, ಬಿಳಿಜೋಳ. ‘ವಿ ಸೋ ಗ್ರೀನ್ ಗ್ರಾಮ್ ಇನ್ ಜೂನ್.’ ಕಲಘಟಗಿ ಕಡೆ ಭತ್ತ, ಗೋವಿನಜೋಳ ಬೆಳೆಯುತ್ತಾರೆ: ‘ದೇ ಗ್ರೋ ಪ್ಯಾಡಿ ಅಂಡ್ ಮೇಜ಼್.’ ಅದೇ ಕಲಘಟಗಿಯ ಬಡಗಿ ಬಣ್ಣದ ತೊಟ್ಟಿಲು ಮಾಡುತ್ತಾನೆ: ‘ಹಿ ಮೇಕ್ಸ್ ಪೇಂಟೆಡ್ ಕ್ರೇಡಲ್ಸ್.’ ಅಣ್ಣಿಗೇರಿಯಲ್ಲಿ ಅಮೃತೇಶ್ವರನ ಗುಡಿ ಇದೆ: ‘ದ ಟೆಂಪಲ್ ಸ್ಟ್ಯಾಂಡ್ಸ್ ಇನ್ ಅಣ್ಣಿಗೇರಿ.’ ಪಠ್ಯದಲ್ಲಿ ಪದೇ ಪದೇ ಬರುವ ‘ದ ಸನ್ ರೈಸಸ್ ಇನ್ ದ ಈಸ್ಟ್’ ಎಂಬ ಒಂದೇ ವಾಕ್ಯಕ್ಕಿಂತ ಇವು ನಿಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ.

ಇನ್ನು ಎಚ್ಚರ ಬೇಕಾದ ಜಾಗಗಳು. ಮನೆಯ ಮಾತು ಬಹಳ ದೂರ ಕರೆದೊಯ್ಯುತ್ತದೆ, ಆದರೆ ಕೆಲವು ತಿರುವುಗಳಲ್ಲಿ ಇಂಗ್ಲಿಷ್ ಬೇರೆ ದಾರಿ ಹಿಡಿಯುತ್ತದೆ.

‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ವಾಂಟಿಂಗ್’ ಎಂಬ ಮಾತುಗಳನ್ನು ಕೇಳಿರುತ್ತೀರಿ. ಇಲ್ಲೆಲ್ಲ ಮನೆಯ ಮಾತೇ ನಿಮ್ಮನ್ನು ಕಾಯುತ್ತದೆ. ನಾವು ‘ನನಗ ಗೊತ್ತೈತಿ’, ‘ಇಬ್ಬರು ಅಣ್ಣದೇರು ಅದಾರ’, ‘ನೀರ ಬೇಕು’ ಅನ್ನುತ್ತೇವೆ. ಒಂದರಲ್ಲೂ ‘ಆಕತ್ತ’ ಇಲ್ಲ. ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ, ಇರುವ ಸ್ಥಿತಿಯನ್ನು ಹೇಳುತ್ತಿದ್ದೇವೆ ಅಷ್ಟೆ. ಆದ್ದರಿಂದ ‘ಐ ನೋ’, ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ವಾಂಟ್ ವಾಟರ್’. ನೆನಪು, ಇಷ್ಟ, ಅಗತ್ಯ, ನಂಬಿಕೆ ಎಲ್ಲ ಇದೇ ಗುಂಪು.

ಆದರೆ ತರಗತಿಯಲ್ಲಿ ಪಾಠ ತಲೆಗೆ ಹತ್ತದಿದ್ದಾಗ ನಾವು ಏನನ್ನುತ್ತೇವೆ? ‘ಸರ್, ತಿಳೀವಲ್ದು.’ ಈ ‘ವಲ್ದು’ ಇದೆಯಲ್ಲ, ಅದು ಈಗಿನ ಮಾತು, ಈ ಹೊತ್ತಿನ ಅಡಚಣೆ. ‘ಮಳಿ ಬರವಲ್ದು’ ಅಂದರೆ ಬರಬೇಕಾಗಿತ್ತು, ಬರುತ್ತಿಲ್ಲ. ‘ಬ್ಯಾಸಿಗ್ಯಾಗ ಮಳಿ ಬರಂಗಿಲ್ಲ’ ಅಂದರೆ ಸಾಮಾನ್ಯವಾಗಿ ಬರುವುದಿಲ್ಲ. ಒಂದು ‘ಇಟ್ ಈಸ್ ನಾಟ್ ರೇನಿಂಗ್’, ಇನ್ನೊಂದು ‘ಇಟ್ ಡಸ್ ನಾಟ್ ರೇನ್ ಇನ್ ಸಮರ್’. ಈ ಲೆಕ್ಕದ ಪ್ರಕಾರ ‘ತಿಳೀವಲ್ದು’ ಎಂಬುದು ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಆಗಬೇಕಿತ್ತು. ನಮ್ಮವರು ಬಹಳ ಮಂದಿ ಹಾಗೆಯೇ ಅನ್ನುತ್ತಾರೆ, ಅದು ದಡ್ಡತನದಿಂದ ಬಂದದ್ದಲ್ಲ, ತಮ್ಮ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಬಂದದ್ದು. ಇಂಗ್ಲಿಷ್ ಮಾತ್ರ ತಿಳಿಯುವುದನ್ನು ಕೆಲಸ ಎಂದು ಎಣಿಸದೆ ಸ್ಥಿತಿ ಎಂದೇ ಎಣಿಸುತ್ತದೆ, ಹಾಗಾಗಿ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ಕೇಳಿಸವಲ್ದು, ಕಾಣಿಸವಲ್ದು, ನೆನಪಾಗವಲ್ದು ಅನ್ನುವಲ್ಲೂ ಹೀಗೆಯೇ, ‘ಐ ಕಾಂಟ್ ಹಿಯರ್’, ‘ಐ ಕಾಂಟ್ ಸೀ’, ‘ಐ ಡೋಂಟ್ ರಿಮೆಂಬರ್’. ಇದೊಂದು ಕಂತೆಯನ್ನು ಬಾಯಿಪಾಠ ಮಾಡಿಬಿಡಿ, ಬೇರೆ ಉಪಾಯವಿಲ್ಲ.

ಎರಡನೆಯ ತಿರುವು ನಾಳಿನದು. ‘ನಾಳೆ ಹುಬ್ಬಳ್ಳಿಗೆ ಹೋಗತೇನಿ’ ಎಂದು ಭವಿಷ್ಯಕ್ಕೂ ನಾವು ಅದೇ ರೂಪ ಬಳಸುತ್ತೇವೆ. ಇಂಗ್ಲಿಷಿನಲ್ಲಿ ‘ಐ ಗೋ ಟು ಹುಬ್ಬಳ್ಳಿ ಟುಮಾರೊ’ ಒಗ್ಗುವುದಿಲ್ಲ, ‘ಐ ವಿಲ್ ಗೋ’ ಅಥವಾ ‘ಐ ಆಮ್ ಗೋಯಿಂಗ್’ ಎನ್ನಬೇಕು. ಬಸ್ಸು, ರೈಲು, ಪರೀಕ್ಷೆಯಂಥ ವೇಳಾಪಟ್ಟಿಯ ಸಂಗತಿಗೆ ಮಾತ್ರ ನಾಳೆಯದಾದರೂ ಸಿಂಪಲ್ ಪ್ರೆಸೆಂಟ್ ನಡೆಯುತ್ತದೆ: ‘ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ.’

ಮೂರನೆಯದು ಹಿಂದಿನ ರೂಢಿ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ಅದು ರೂಢಿಯೇ ಹೌದು, ಆದರೆ ಮುಗಿದ ರೂಢಿ. ಅದಕ್ಕೆ ‘ಯೂಸ್ಡ್ ಟು ಗೋ’. ಇನ್ನೂ ನಡೆಯುತ್ತಿರುವ ರೂಢಿಗೆ ಮಾತ್ರ ಸಿಂಪಲ್ ಪ್ರೆಸೆಂಟ್.

ಇಂಗ್ಲಿಷ್ ಪತ್ರಿಕೆ ಓದಲು ಕೂತರೆ ಇನ್ನೊಂದು ಗೊಂದಲ ಎದುರಾಗುತ್ತದೆ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು. ಇಂಥ ಸುದ್ದಿಗೆ ಮರುದಿನದ ತಲೆಬರಹದಲ್ಲಿ ‘ಇನಾಗರೇಟೆಡ್’ ಎನ್ನದೆ ‘ಇನಾಗರೇಟ್ಸ್’ ಎಂದೇ ಹಾಕುವುದು ಇಂಗ್ಲಿಷ್ ಪತ್ರಿಕೆಗಳ ಪದ್ಧತಿ. ಕ್ರಿಕೆಟ್ ವಿವರಣೆಯಲ್ಲೂ ಕಣ್ಣೆದುರು ನಡೆಯುವುದನ್ನು ‘ಹಿ ಬೌಲ್ಸ್’, ‘ಹಿ ಹಿಟ್ಸ್’ ಎಂದು ಹೇಳುತ್ತಾರೆ. ಇವು ಆಯಾ ವೃತ್ತಿಯ ಪದ್ಧತಿಗಳು. ಓದಿದಾಗ ಅರ್ಥವಾದರೆ ಸಾಕು, ನೀವು ಮಾತಾಡುವಾಗ ಇವುಗಳ ಗೊಡವೆ ಬೇಡ.

ಈಗ ‘ಎಸ್’ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಮ್ಮ ಕ್ರಿಯಾಪದದ ಬಾಲದಲ್ಲಿ ಕರ್ತೃ ಯಾರೆಂಬುದು ಪೂರ್ತಿ ಇರುತ್ತದೆ. ಮಾಡತೇನಿ, ಮಾಡತೇವಿ, ಮಾಡತಿ, ಮಾಡತೀರಿ, ಮಾಡತಾನ, ಮಾಡತಾಳ, ಮಾಡತಾರ, ಮಾಡತೈತಿ. ಅದಕ್ಕೇ ‘ನಾನು’ ಎಂದು ಹೇಳದೆ ‘ಹೊಲಕ್ಕ ಹೋಗತೇನಿ’ ಅಂದರೂ ಸಾಕು. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇಂಥ ಬಾಲಗಳು ಹಲವಿದ್ದವು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ ತೆರೆದರೆ ‘ಮೇಕ್ಸ್’ ಬದಲು ‘ಮೇಕೆತ್’, ‘ಗೋಸ್’ ಬದಲು ‘ಗೋಯೆತ್’ ಎಂದಿರುತ್ತದೆ. ಇಂಗ್ಲೆಂಡಿನ ಉತ್ತರ ಭಾಗದವರು ಆಡುತ್ತಿದ್ದ ‘ಎಸ್’ ಮೆಲ್ಲಗೆ ದಕ್ಷಿಣಕ್ಕೆ ಇಳಿದು ಆ ‘ಎತ್’ ಜಾಗವನ್ನು ಹಿಡಿಯಿತು. ಉಳಿದ ಬಾಲಗಳೆಲ್ಲ ಉದುರಿಹೋದವು. ಹೀಗೆ ಉಳಿದುಕೊಂಡ ಒಂದೇ ಒಂದು ಗುರುತು ಈ ‘ಎಸ್’. ಅವನು, ಅವಳು, ಅದು ಎಂಬ ಮೂರಕ್ಕೆ ಮಾತ್ರ ಅದು ಬರುತ್ತದೆ. ನಮ್ಮಲ್ಲಿ ತಾನ, ತಾಳ, ತೈತಿ ಇರುವ ಜಾಗ. ಬಾಲಗಳು ಉದುರಿದ್ದರಿಂದಲೇ ಇಂಗ್ಲಿಷಿನಲ್ಲಿ ‘ಐ’, ‘ವಿ’, ‘ದೇ’ ಎಂದು ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು.

ಹಾಗಿದ್ದರೆ ನಿಯಮ ಸುಲಭವಾಯಿತಲ್ಲ, ಆದರೂ ಯಾಕೆ ಕೈತಪ್ಪುತ್ತದೆ? ನನಗೆ ಕಾಣುವ ಕಾರಣಗಳು ಎರಡು. ಒಂದು, ನಮ್ಮ ಮರ್ಯಾದೆ. ‘ಸರ್ ಚಲೋ ಕಲಸ್ತಾರ’, ‘ಅಕ್ಕೋರು ದಿನಾ ಬಸ್ಸಿಗೆ ಬರತಾರ’ ಎಂದು ಹಿರಿಯರಿಗೆ ಬಹುವಚನ ಹಚ್ಚುತ್ತೇವೆ. ಮನಸ್ಸಿನಲ್ಲಿ ‘ಬರತಾರ’ ಇದ್ದವರು ‘ಮೈ ಟೀಚರ್ ಕಮ್ ಬೈ ಬಸ್’ ಎಂದೇ ಬರೆಯುತ್ತಾರೆ. ‘ಅಂವ ಬರತಾನ’ ಎಂದಾಗ ‘ಹಿ ಕಮ್ಸ್’ ಸರಿಯಾಗಿ ಬರೆಯುವ ಹುಡುಗನೇ ‘ಅಪ್ಪಾರು’, ‘ಸರ್’ ಎಂದ ತಕ್ಷಣ ‘ಎಸ್’ ಬಿಟ್ಟುಬಿಡುತ್ತಾನೆ. ಇಂಗ್ಲಿಷಿನಲ್ಲಿ ಒಬ್ಬರು ಎಂದರೆ ಒಬ್ಬರೇ. ರಾಷ್ಟ್ರಪತಿಯಾದರೂ ‘ಕಮ್ಸ್’, ಕುರಿ ಕಾಯುವ ಹುಡುಗನಾದರೂ ‘ಕಮ್ಸ್’. ಗುರುಗಳಿಗೆ ‘ಎಸ್’ ಹಚ್ಚಿದರೆ ಏಕವಚನದಲ್ಲಿ ಕರೆದಂತಾಯಿತು ಎಂಬ ಅಳುಕು ಇದ್ದರೆ ಬಿಟ್ಟುಬಿಡಿ, ಆ ಭಾಷೆಯಲ್ಲಿ ಗೌರವವನ್ನು ಬೇರೆ ಕಡೆ ಇಟ್ಟಿದ್ದಾರೆ.

ಎರಡನೆಯ ಕಾರಣ ನಾಲಿಗೆಯದು. ನಮ್ಮ ಮಾತುಗಳು ಸ್ವರದಲ್ಲಿ ಮುಗಿಯುತ್ತವೆ. ಬಸ್ ಎಂಬುದನ್ನೂ ‘ಬಸ್ಸು’ ಮಾಡಿಕೊಂಡವರು ನಾವು. ‘ವರ್ಕ್ಸ್’, ‘ಹೆಲ್ಪ್ಸ್’, ‘ಈಟ್ಸ್’ ಎಂದು ಎರಡು ಮೂರು ವ್ಯಂಜನ ಒಟ್ಟಿಗೆ ಬಂದು ನಿಂತುಬಿಟ್ಟರೆ ಕೊನೆಯದು ಬಾಯೊಳಗೇ ಉಳಿಯುತ್ತದೆ. ನಿಯಮ ಗೊತ್ತಿದ್ದರೂ ಕೇಳುವವರಿಗೆ ‘ವರ್ಕ್’ ಎಂದೇ ಕೇಳಿಸುತ್ತದೆ. ಇದಕ್ಕೆ ಬರೆಯುವ ಅಭ್ಯಾಸ ಸಾಲದು, ಗಟ್ಟಿಯಾಗಿ ಓದಬೇಕು. ಉಚ್ಚಾರವೂ ಮೂರು ಬಗೆ: ‘ವರ್ಕ್ಸ್’ನಲ್ಲಿ ಸ್, ‘ಗೋಸ್’, ‘ಪ್ಲೇಸ್’ಗಳಲ್ಲಿ ಜ಼್, ‘ಟೀಚಸ್’, ‘ವಾಷಸ್’ಗಳಲ್ಲಿ ಇಜ಼್. ಮೊದಮೊದಲು ಮೂರನ್ನೂ ಸ್ ಎಂದೇ ಹೇಳಿದರೂ ಅಡ್ಡಿಯಿಲ್ಲ, ಬಿಟ್ಟುಬಿಡುವುದಕ್ಕಿಂತ ಅದು ಮೇಲು.

‘ಇಲ್ಲ’ ಎನ್ನುವಾಗ ಮತ್ತು ಪ್ರಶ್ನೆ ಕೇಳುವಾಗ ‘ಎಸ್’ ಕ್ರಿಯಾಪದ ಬಿಟ್ಟು ‘ಡು’ಗೆ ಹೋಗಿ ‘ಡಸ್’ ಆಗುತ್ತದೆ. ‘ಷಿ ಗೋಸ್’, ಆದರೆ ‘ಷಿ ಡಸ್ ನಾಟ್ ಗೋ’. ಬಹಳ ಮಂದಿ ‘ಡಸ್ ನಾಟ್ ಗೋಸ್’ ಎಂದು ಎರಡು ಸಲ ಹಚ್ಚುತ್ತಾರೆ. ನಮ್ಮಲ್ಲಿ ಹೇಗೆ? ‘ಹೋಗತಾಳ’ ಎಂಬಲ್ಲಿ ಇರುವ ‘ತಾಳ’, ‘ಹೋಗಂಗಿಲ್ಲ’ ಎಂದಾಗ ಇರುವುದಿಲ್ಲ. ನಾ ಹೋಗಂಗಿಲ್ಲ, ಅಕಿ ಹೋಗಂಗಿಲ್ಲ, ಅವರು ಹೋಗಂಗಿಲ್ಲ, ಎಲ್ಲರಿಗೂ ಒಂದೇ. ‘ಹೋಗತಾಳಂಗಿಲ್ಲ’ ಎಂದು ಯಾರೂ ಅನ್ನುವುದಿಲ್ಲ. ನಿಷೇಧದಲ್ಲಿ ಕ್ರಿಯಾಪದ ಬಾಲ ಕಳಚಿ ಬರಿದಾಗುವುದು ನಮಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಕಳಚಿದ ಬಾಲ ‘ಡು’ಗೆ ಹತ್ತಿಕೊಳ್ಳುತ್ತದೆ ಅನ್ನುವುದಷ್ಟೇ ಹೆಚ್ಚಿನದು. ಪ್ರಶ್ನೆಯಲ್ಲಿ ನಾವು ‘ಹೋಗತಾಳೇನು?’ ಎಂದು ಕೊನೆಗೆ ಹಚ್ಚುವುದನ್ನು ಅವರು ‘ಡಸ್ ಷಿ ಗೋ?’ ಎಂದು ಮುಂದೆ ತಂದಿಡುತ್ತಾರೆ.

ಇನ್ನೊಂದು ತಪ್ಪು ಚಿಕ್ಕಂದಿನಲ್ಲೇ ಬೇರೂರುತ್ತದೆ. ಮೊದಲ ಪಾಠದಲ್ಲಿ ‘ಐ ಆಮ್ ಎ ಬಾಯ್’ ಕಲಿಸುವಾಗ ‘ಐ ಆಮ್ ಅಂದ್ರ ನಾನು’ ಎಂದು ಹೇಳಿಬಿಡುತ್ತಾರೆ. ‘ನಾನು ಹುಡುಗ’ ಎಂಬ ನಮ್ಮ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲವಾದ್ದರಿಂದ ಮಗುವಿಗೂ ಅದೇ ಸರಿ ಕಾಣುತ್ತದೆ. ಮುಂದೆ ‘ನಾನು ಹೋಗತೇನಿ’ ಎಂಬುದು ‘ಐ ಆಮ್ ಗೋ’ ಆಗುತ್ತದೆ, ‘ಅಂವ ಆಡತಾನ’ ಎಂಬುದು ‘ಹಿ ಈಸ್ ಪ್ಲೇ’ ಆಗುತ್ತದೆ. ‘ಐ’ ಮಾತ್ರ ನಾನು. ‘ಆಮ್’ ಒಂದು ಕ್ರಿಯಾಪದ. ‘ಗೋ’ ಇನ್ನೊಂದು. ಸಿಂಪಲ್ ಪ್ರೆಸೆಂಟ್‌ನಲ್ಲಿ ಇವೆರಡೂ ಒಟ್ಟಿಗೆ ಕೂಡುವುದಿಲ್ಲ: ಒಂದೋ ‘ಐ ಆಮ್ ಎ ಸ್ಟೂಡೆಂಟ್’, ಒಂದೋ ‘ಐ ಗೋ’.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಮಗು ಹತ್ತು ವರ್ಷ ಅದನ್ನು ಓದಿರುತ್ತದೆ. ಆದರೂ ನಿಮ್ಮಂಥ ಪದವೀಧರೆಗೆ ಈ ಪ್ರಶ್ನೆ ಉಳಿದಿದೆ ಎಂದರೆ ತಪ್ಪು ನಿಮ್ಮದಲ್ಲ ಎಂದೇ ನಾನು ಹೇಳುತ್ತೇನೆ. ತರಗತಿಯಲ್ಲಿ ‘ಮಾಡಾಕತ್ತೇನಿ’ ಅನ್ನಬೇಡ, ‘ಮಾಡುತ್ತಿದ್ದೇನೆ’ ಅನ್ನು ಎಂದು ಮಗುವಿನ ಮಾತನ್ನು ಮೊದಲು ತಿದ್ದುತ್ತೇವೆ. ಆಮೇಲೆ ಆ ಪುಸ್ತಕದ ಕನ್ನಡದ ಮೂಲಕ ಇಂಗ್ಲಿಷ್ ಕಲಿಸುತ್ತೇವೆ. ಪುಸ್ತಕದ ಕನ್ನಡದಲ್ಲೂ ಈ ವ್ಯತ್ಯಾಸ ಇದೆ, ಇಲ್ಲವೆಂದಲ್ಲ. ಆದರೆ ‘ಹೋಗುತ್ತೇನೆ’, ‘ಹೋಗುತ್ತಿದ್ದೇನೆ’ ಎಂಬ ಎರಡೂ ರೂಪ ಮನೆಯಲ್ಲಿ ಕೇಳದ ಮಗುವಿಗೆ ಅವೆರಡರ ನಡುವಿನ ಗೆರೆ ಕಾಣುವುದಿಲ್ಲ. ‘ಹೊಲಕ್ಕ ಹೋಗತೇನಿ’, ‘ಹೊಲಕ್ಕ ಹೊಂಟೇನಿ’ ಎಂದು ನೋಡಿ, ಆ ಗೆರೆ ಒಮ್ಮೆಗೇ ಕಾಣುತ್ತದೆ.

ತಾಯಿನುಡಿ ಗಟ್ಟಿಯಿದ್ದರೆ ಇಂಗ್ಲಿಷ್ ಬಾರದೆಂಬ ಭಯಕ್ಕೆ ಈ ನೆಲದಲ್ಲೇ ಉತ್ತರವಿದೆ. ಆಗ ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಕನ್ನಡದ ದೊಡ್ಡ ಕವಿ. ಹೈದರಾಬಾದಿನಲ್ಲಿ ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡಲು ಸ್ಥಾಪಿಸಿದ ಕೇಂದ್ರ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರೂ ಅವರೇ, ಮುಂದೆ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಅವರಿಗೆ ಈ ಎರಡರಲ್ಲಿ ವಿರೋಧ ಕಾಣಲಿಲ್ಲ, ನನಗೂ ಕಾಣುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಮನೆಯವರ ದಿನಚರಿಯನ್ನು ಮೊದಲು ನೀವು ಆಡುವ ಮಾತಿನಲ್ಲೇ ಬರೆಯಿರಿ: ಅವ್ವ ನಸುಕಿನ್ಯಾಗ ಏಳತಾಳ, ರೊಟ್ಟಿ ಬಡೀತಾಳ, ತಮ್ಮ ಸಾಲಿಗೆ ಹೋಗತಾನ, ಎಮ್ಮಿ ಹಾಲ ಕೊಡತೈತಿ, ಅಪ್ಪ ಸಂತಿಗೆ ಹೋಗಂಗಿಲ್ಲ. ಕೆಳಗೆ ಇಂಗ್ಲಿಷ್: ‘ಮೈ ಮದರ್ ಗೆಟ್ಸ್ ಅಪ್ ಅರ್ಲಿ’, ‘ಷಿ ಮೇಕ್ಸ್ ರೊಟ್ಟಿ’, ‘ಮೈ ಬ್ರದರ್ ಗೋಸ್ ಟು ಸ್ಕೂಲ್’, ‘ದ ಬಫಲೊ ಗಿವ್ಸ್ ಮಿಲ್ಕ್’, ‘ಮೈ ಫಾದರ್ ಡಸ್ ನಾಟ್ ಗೋ ಟು ದ ಮಾರ್ಕೆಟ್’. ಪಕ್ಕದಲ್ಲಿ ಅದೇ ಕ್ರಿಯಾಪದಕ್ಕೆ ‘ಆಕತ್ತ’ ಹಚ್ಚಿ ಇನ್ನೊಂದು ಸಾಲು: ‘ರೊಟ್ಟಿ ಬಡಿಯಾಕತ್ತಾಳ’, ‘ಷಿ ಈಸ್ ಮೇಕಿಂಗ್ ರೊಟ್ಟಿ’. ‘ರೊಟ್ಟಿ’ಗೆ ಇಂಗ್ಲಿಷ್ ಪದ ಹುಡುಕುತ್ತ ಕೂಡಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಕೊನೆಯ ‘ಎಸ್’ ಪಕ್ಕದವರಿಗೆ ಕೇಳಿಸುವ ಹಾಗೆ. ದಿನಕ್ಕೆ ಹತ್ತು ನಿಮಿಷ ಸಾಕು, ದಿನ ತಪ್ಪಿಸಬಾರದು.

ಸಂದರ್ಶನಕ್ಕೆ ಬೇಕಾದ ವಾಕ್ಯಗಳನ್ನೂ ಇದೇ ರೀತಿ ತಯಾರು ಮಾಡಿ. ‘ಐ ಕಮ್ ಫ್ರಮ್ ಎ ವಿಲೇಜ್ ಇನ್ ನವಲಗುಂದ್ ತಾಲೂಕ್’, ‘ಐ ಲಿವ್ ವಿತ್ ಮೈ ಪೇರೆಂಟ್ಸ್’, ‘ಐ ಸ್ಪೀಕ್ ಕನ್ನಡ ಅಂಡ್ ಹಿಂದಿ’, ‘ಐ ನೋ ಟೈಪಿಂಗ್’. ಅಣ್ಣ ಬೆಂಗಳೂರಿನಲ್ಲಿ ಖಾಯಂ ಕೆಲಸದಲ್ಲಿದ್ದರೆ ‘ಹಿ ವರ್ಕ್ಸ್ ಇನ್ ಬೆಂಗಳೂರು’. ಸದ್ಯಕ್ಕೆ ಹೋಗಿದ್ದಾನೆ, ಸುಗ್ಗಿಗೆ ತಿರುಗಿ ಬರುತ್ತಾನೆ ಎಂದಿದ್ದರೆ ‘ಹಿ ಈಸ್ ವರ್ಕಿಂಗ್ ಇನ್ ಬೆಂಗಳೂರು’. ಎರಡೂ ಸರಿ, ಅರ್ಥ ಬೇರೆ. ನಿಮ್ಮ ಮನೆಯಲ್ಲಿ ಯಾವುದು ನಿಜವೋ ಅದನ್ನೇ ಹೇಳಿ.

ಇದನ್ನು ಓದುವ ಹಳ್ಳಿ ಶಾಲೆಯ ಇಂಗ್ಲಿಷ್ ಗುರುಗಳಲ್ಲಿ ಒಂದು ವಿನಂತಿ. ಈ ಕಾಲವನ್ನು ಕಲಿಸುವ ದಿನ ಹಲಗೆಯ ಮೇಲೆ ‘ಮಾಡತಾನ’, ‘ಮಾಡಾಕತ್ತಾನ’ ಎಂದು ಎರಡು ಪದ ಬರೆದು, ವ್ಯತ್ಯಾಸ ಏನೆಂದು ಮಕ್ಕಳನ್ನೇ ಕೇಳಿ. ಅವರೇ ಹೇಳುತ್ತಾರೆ. ಇಂಗ್ಲಿಷ್ ವಾಕ್ಯಗಳನ್ನು ಅದಾದ ಮೇಲೆ ಬರೆಯಿರಿ.